ಗಂಗವ್ವನ ಬಡತನಕ್ಕೆ ನಾನು ಬರೆದ ಪಂಚನಾಮೆ

ಬಡವರನ್ನು ಗುರುತಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಹುನಗುಂದದಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಎರಡನೆಯ ಸಲಕ್ಕೆ ಪಾಸು. ಆದರೆ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬೇಲೀಫನಾಗಿದ್ದೆ. ಬೇಲೀಫ ಎಂದರೆ ಸಮನ್ಸು ಮುಟ್ಟಿಸುವವನು, ಕೋರ್ಟಿನ ಹುಕುಂ ಹಿಡಿದು ಹೋಗಿ ಮನೆಯ ಸಾಮಾನು ಜಪ್ತಿ ಮಾಡುವವನು. ಹೊಸ್ತಿಲು ದಾಟಿ ಒಮ್ಮೆ ಕಣ್ಣಾಡಿಸಿದರೆ ಸಾಕು, ತಾಮ್ರದ ಹಂಡೆಯಿಂದ ಹಿಡಿದು ಬಾಗಿಲ ಹಿಂದಿನ ಕಸಬರಿಗೆಯವರೆಗೆ ಎಲ್ಲವೂ ನನ್ನ ಪಂಚನಾಮೆಯಲ್ಲಿ ಬಂದು ಕುಳಿತುಕೊಳ್ಳುತ್ತಿದ್ದವು. ನನ್ನ ಅಕ್ಷರವನ್ನು ಮೂವರು ನ್ಯಾಯಾಧೀಶರು ಹೊಗಳಿದ್ದಾರೆ. ನಿವೃತ್ತನಾಗಿ ಹದಿನಾಲ್ಕು ವರ್ಷವಾದರೂ ಆ ಹೊಗಳಿಕೆ ಪಿಂಚಣಿಯ ಹಾಗೆ ತಿಂಗಳಿಗೊಮ್ಮೆ ತಪ್ಪದೆ ನೆನಪಿಗೆ ಬರುತ್ತದೆ.

ಇದನ್ನೆಲ್ಲ ಹೇಳುತ್ತಿರುವುದು ಬಡಾಯಿಗಲ್ಲ. ತಪ್ಪೊಪ್ಪಿಗೆ ಬರೆಯುವಾಗ ಆರೋಪಿಯ ಪೂರ್ವಾಪರ ಮೊದಲು ಬರಬೇಕು.

ನಮ್ಮ ಬಾಗಿಲಿಗೆ ಎದುರು ಬಾಗಿಲು ಗಂಗವ್ವನದು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ನೀಲವ್ವ, ಇಬ್ಬರೇ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವುದು ಅವಳ ಕೆಲಸ. ಬೆಳಗಿನ ಐದಕ್ಕೆ ಅವಳ ಕೈಯ ಟಪಟಪ ಸಪ್ಪಳ ಶುರುವಾಗುತ್ತದೆ. ಆ ಸಪ್ಪಳಕ್ಕೇ ನಾನು ಏಳುವುದು. ನಮ್ಮ ಮನೆಯಲ್ಲಿ ಅಲಾರಾಂ ಗಡಿಯಾರ ಕೆಟ್ಟು ಒಂಬತ್ತು ವರ್ಷವಾದರೂ ರಿಪೇರಿ ಮಾಡಿಸಿಲ್ಲ.

ಹೋದ ಬೇಸಿಗೆಯಲ್ಲಿ ಬಿಪಿಎಲ್ ಕಾರ್ಡುಗಳ ತಪಾಸಣೆ ಬಂತು. ಉಳ್ಳವರೂ ಬಡವರ ಕಾರ್ಡು ಇಟ್ಟುಕೊಂಡಿದ್ದಾರೆ, ಮನೆಮನೆಗೆ ಹೋಗಿ ನೋಡಿ ಬನ್ನಿ ಎಂದು ಕಚೇರಿಯಿಂದ ಒಬ್ಬ ಸಿಬ್ಬಂದಿಯನ್ನು ಕಳಿಸಿದ್ದರು. ಬೆಳಗಿನ ಒಂಬತ್ತಕ್ಕೇ ಆತ ಬಿಸಿಲಿಗೆ ಬಾಡಿಹೋಗಿದ್ದ. ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟೆ.

"ಈ ಓಣಿ ಮಂದಿದು ನೀವ ಒಂದೀಟು ಹೇಳ್ರಿ ಯಜಮಾನ್ರ. ನಾ ಬರಕೋತೇನಿ" ಎಂದ.

"ಹೇಳೂದ್ಯಾಕ? ನಾನ ಬರದು ಕೊಡ್ತೇನಿ. ನಾ ಬೇಲೀಫ ಇದ್ದೆ" ಎಂದೆ.

ಆತ ಹೆಗಲ ಮೇಲಿನ ಹೊರೆ ಇಳಿಸಿದವನಂತೆ ಪೆನ್ನು ನನ್ನ ಕೈಗಿತ್ತ. ಹದಿನಾಲ್ಕು ವರ್ಷದ ನಂತರ ಸರಕಾರಿ ಕಾಗದ, ಸರಕಾರಿ ಪೆನ್ನು! ನನ್ನ ಬೆರಳುಗಳು ಹಬ್ಬ ಮಾಡಿದವು.

ಗಂಗವ್ವ ಗಿರಣಿಗೆ ಹೋಗಿದ್ದಳು. ನೀಲವ್ವ ಹೊಸ್ತಿಲಲ್ಲಿ ಕುಳಿತು ತೂಕಡಿಸುತ್ತಿದ್ದಳು. ನಾನು ಒಳಗೆ ಹೋಗಿ, ಅಭ್ಯಾಸದಂತೆ ಎಡಗಡೆಯಿಂದ ಬಲಗಡೆಗೆ ನೋಡಿಕೊಂಡು ಬಂದು ಬರೆದೆ: "ಸದರಿ ಮನೆಯಲ್ಲಿ ಈ ಕೆಳಕಂಡ ಜಿನಸುಗಳು ಇರುತ್ತವೆ. ಜೋಳ ತುಂಬಿದ ಚೀಲ ಎರಡು. ಹಿಟ್ಟಿನ ದೊಡ್ಡ ಡಬ್ಬಿ ಮೂರು. ದೊಡ್ಡ ಉರಿಯ ಗ್ಯಾಸ್ ಒಲೆ ಒಂದು. ಅಂದಾಜು ನೂರೈವತ್ತು ರೊಟ್ಟಿಗಳುಳ್ಳ ಬುಟ್ಟಿಗಳು ಎರಡು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಾಗದದ ಕೆಳಗೆ ಇನ್ನೂ ಜಾಗವಿತ್ತು. ಹೊರಗಿನಿಂದ ಬಂದ ಮನುಷ್ಯನ ಮುಂದೆ ನಮ್ಮ ಓಣಿಯ ಹೆಣ್ಣುಮಗಳ ಮಾನ ಒಂದು ತೂಕ ಹೆಚ್ಚೇ ಇರಲಿ ಎಂದು ಇನ್ನೊಂದು ಸಾಲು ಸೇರಿಸಿದೆ: "ಸದರಿ ಕುಟುಂಬವು ಮರ್ಯಾದೆಯಿಂದ ಬಾಳುತ್ತಿದ್ದು, ಊಟಕ್ಕೆ ಯಾವುದೇ ಕೊರತೆ ಇರುವುದಿಲ್ಲ." ಕೆಳಗೆ ಸಹಿ ಮಾಡಿ, ಎರಡು ಗೆರೆ ಎಳೆದೆ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಗಂಗವ್ವ ಖಾಲಿ ಚೀಲ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು.

"ಕಾಕಾ, ರೇಷನ್ ಅಂಗಡ್ಯಾಗ ಹೆಬ್ಬಟ್ಟು ಇಟ್ಟೆ. ಕಾರ್ಡ್ ರದ್ದಾಗೈತಿ ಅಂತ ಬಂತು. ಯಾಕ ಅಂತ ಕೇಳಿದ್ರ ಮ್ಯಾಲಿಂದ ಆಗೈತಿ ಅಂತಾರ. ಅಕ್ಕಿ ಇಲ್ಲದಿದ್ರ ನಮ್ಮದು ನಡಿಯೂದಿಲ್ರಿ. ನೀವು ಓದಿದವರು, ಏನರ ಮಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಯಾವನೋ ಲಫಂಗ ಏನೋ ಬರದು ಕೊಟ್ಟಾನವಾ. ಅಂವನ ಹೆಸರು ಗೊತ್ತಾಗಲಿ, ನಾ ಅಂವನ್ನ ಬಿಡೂದಿಲ್ಲ."

ಅವಳು ಹೋದಮೇಲೆ ನನ್ನ ಹೆಂಡತಿ ಪಾರವ್ವ ಒಳಗಿನಿಂದ ಬಂದಳು. "ಆವತ್ತು ಕಟ್ಟಿ ಮ್ಯಾಲ ಕುಂತು ನೀವು ಏನೋ ಬರಿಯಾಕತ್ತಿದ್ರೆಲ್ಲ?"

"ಅದು ಹೊಗಳಿ ಬರದದ್ದು" ಎಂದೆ. ಆ ಮಾತು ಅಲ್ಲಿಗೇ ಮುಗಿಯಿತು. ಮುಗಿಸಿದವನು ನಾನು.

ಮರುದಿನದಿಂದಲೇ ನಾನು ಕಾರ್ಯಪ್ರವೃತ್ತನಾದೆ. ನನ್ನ ತರ್ಕ ಸರಳವಾಗಿತ್ತು. ಹೊಲ ಅಳೆಯಲು ಸರಪಳಿ ಇದೆ, ಅರಿವೆ ಅಳೆಯಲು ಗಜ ಇದೆ. ದೇಶದಲ್ಲಿ ಬಡತನ ಇಷ್ಟು ಇಳಿಯಿತು, ಅಷ್ಟು ಇಳಿಯಿತು ಎಂದು ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅಂದಮೇಲೆ ಯಾರೋ ಯಾವುದರಿಂದಲೋ ಅಳೆದಿರಲೇಬೇಕು. ಆ ಅಳತೆಯನ್ನು ವಿವರಿಸುವ ಒಂದು ಪುಸ್ತಕವೂ ಇರಲೇಬೇಕು. ಅದನ್ನು ತಂದು, ಗಂಗವ್ವನ ಮನೆಗೆ ಹಿಡಿದು ತೋರಿಸಿ, ಅಧಿಕಾರಿಯ ಮೇಜಿನ ಮೇಲೆ ಇಟ್ಟರೆ ಕೆಲಸ ಮುಗಿಯಿತು. "ಸೋಮವಾರದೊಳಗ ನಿನ್ನ ಕಾರ್ಡ್ ನಿನ್ನ ಕೈಯಾಗ ಇರತೈತಿ" ಎಂದು ಗಂಗವ್ವನಿಗೆ ಮಾತು ಕೊಟ್ಟೆ. ಯಾವ ಸೋಮವಾರ ಎಂದು ಹೇಳಿರಲಿಲ್ಲ. ಅದೊಂದು ಪುಣ್ಯ.

ಮೊದಲು ನಮ್ಮೂರ ವಾಚನಾಲಯಕ್ಕೆ ಹೋದೆ. ನನ್ನ ಜೊತೆ ಸಾಲಿ ಕಲಿತ ಫಕೀರಪ್ಪ ಅಲ್ಲಿ ದಿನವೂ ಪೇಪರು ಓದಲು ಬರುತ್ತಾನೆ. ನಾನು ಕಪಾಟಿನ ತಳದಲ್ಲಿ ತಲೆ ಹಾಕಿದ್ದನ್ನು ನೋಡಿ ಕೇಳಿದ.

"ಏನ್ ಹುಡಕಾಕತ್ತೀಲೇ ಬಸಲಿಂಗ?"

"ಬಡತನ."

"ಮನ್ಯಾಗ ಸಿಗಲಿಲ್ಲೇನು?"

ಅಲ್ಲಿ ಸಿಕ್ಕಿದ್ದು ನೌಕರಿಯ ಪರೀಕ್ಷೆಗೆ ಓದುವ ಒಂದು ಗೈಡು ಮಾತ್ರ. ಅದರಲ್ಲಿ ಒಂದು ಪ್ರಶ್ನೆ ಇತ್ತು: "ನಿರಪೇಕ್ಷ ಬಡತನವನ್ನು ಯಾವುದರಿಂದ ಅಳೆಯಲಾಗುತ್ತದೆ?" ಕೆಳಗೆ ನಾಲ್ಕು ಉತ್ತರ. ನನಗಿಂತ ಮೊದಲು ಓದಿದ ಯಾರೋ ಮಹಾನುಭಾವರು ಪೆನ್ಸಿಲಿನಿಂದ ನಾಲ್ಕಕ್ಕೂ ಗುರುತು ಹಾಕಿದ್ದರು. ಪುಸ್ತಕದ ಕೊನೆಯಲ್ಲಿ ಸರಿಯುತ್ತರಗಳ ಪುಟವಿರಬೇಕಿತ್ತು. ಅದನ್ನು ಇನ್ನೊಬ್ಬ ಮಹಾನುಭಾವರು ಹರಿದುಕೊಂಡು ಹೋಗಿದ್ದರು.

"ಬಾಗಲಕೋಟಿಗೆ ಹೋಗು. ಅಲ್ಲಿ ಕಂಪ್ಯೂಟರದಾಗ ಎಲ್ಲಾ ಸಿಗತೈತಿ" ಎಂದ ಫಕೀರಪ್ಪ.

ಹೋದೆ. ಝೆರಾಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. "ದೇಶದಾಗ ಬಡತನ ಹ್ಯಾಂಗ ಅಳೀತಾರ ಅಂತ ಹಾಕು ತಂಗಿ, ಸಂಶೋಧನಿ ಬೇಕಾಗೈತಿ" ಎಂದೆ. ಅವಳು ಹಾಕಿದಳು. ಪರದೆಯ ತುಂಬ ಸಾಲುಗಳು ಬಂದವು. ಕೆಳಗೆ ಎಳೆದಷ್ಟೂ ಮುಗಿಯಲಿಲ್ಲ.

"ಎಷ್ಟು ಬೇಕ್ರಿ ಅಜ್ಜಾರ?"

"ಎಲ್ಲಾ ಬೇಕು."

"ಎಲ್ಲಾ ಅಂದ್ರ ನಮ್ಮ ಅಂಗಡ್ಯಾಗಿನ ಕಾಗದ ಸಾಲೂದಿಲ್ರಿ."

"ಹಂಗಾದ್ರ ನೋಡಾಕ ದಪ್ಪ ಅನಸೂವು ಕೊಡವಾ."

ಮೂವತ್ತೊಂದು ವರ್ಷ ಕೋರ್ಟಿನಲ್ಲಿದ್ದು ನಾನು ಕಲಿತ ಪಾಠ ಇದು: ದಪ್ಪ ಕಡತದ ಪಕ್ಷವೇ ಗೆಲ್ಲುತ್ತದೆ. ಒಂದು ಗೇಣು ದಪ್ಪದ ಕಾಗದ ಕಟ್ಟಿಕೊಂಡು ಬಂದೆ. ಎಲ್ಲವೂ ಇಂಗ್ಲಿಷು. ಒಳಗೆ ಏರಿಳಿಯುವ ಗೆರೆಗಳ ಚಿತ್ರ. ಒಂದು ಚಿತ್ರವನ್ನು ಉಲ್ಟಾ ಹಿಡಿದು ನೋಡಿದೆ. ಹಾಗೆ ನೋಡಿದಾಗ ಬಡತನ ಏರುತ್ತಿತ್ತು.

ಓದಿಸಿಕೊಳ್ಳಲು ಜನ ಬೇಕಲ್ಲ. ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಪಾಟೀಲ ಮಾಸ್ತರು ಇದ್ದಾರೆ ಎಂದು ಯಾರೋ ಹೇಳಿದರು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಅವರಿಗೆಂದು ಕರದಂಟು ಕೊಂಡೆ. ಅವರ ಮನೆ ಮುಟ್ಟಿ ಕರದಂಟು ಮುಂದಿಟ್ಟಾಗ "ನನಗ ಸಕ್ಕರಿ ಕಾಯಿಲಿ ಐತ್ರಿ" ಎಂದರು. ನನ್ನ ಕಾಗದದ ಗಂಟು ಬಿಚ್ಚಿ ನೋಡತೊಡಗಿದರು. "ಇದು ಆಫ್ರಿಕಾದ ದನಗಾಹಿಗಳ ಮ್ಯಾಲ ಬರದದ್ದು. ಇದು ಇಲಿಗಳ ಮ್ಯಾಲ. ಇದು ಹೆಂಗ ಬಂತ್ರಿ ಇದರಾಗ?" ಗೇಣು ದಪ್ಪದ ಗಂಟು ಕೊನೆಗೆ ಎರಡು ಬೆರಳಿಗೆ ಇಳಿಯಿತು.

"ಇಷ್ಟು ಖರೆ ನಿಮಗ ಬೇಕಾದದ್ದು" ಎಂದು ಅವರು ಹೇಳತೊಡಗಿದರು. "ಒಂದು ಬುಟ್ಟಿ ಅಂತ ತಿಳಕೊಳ್ರಿ. ಒಬ್ಬ ಮನಶಾ ಜೀವ ಹಿಡಕೊಂಡು ಬದುಕಾಕ ಏನೇನು ಬೇಕೋ ಅಷ್ಟ ಅದರಾಗ. ಕಾಳು, ಎಣ್ಣಿ, ಅರಿವಿ, ಉರುವಲ, ಔಷಧ. ಆ ಬುಟ್ಟಿಗೆ ಒಂದು ಕಿಮ್ಮತ್ತು ಕಟ್ಟತಾರ. ಅದ ಗೆರಿ. ಆಮ್ಯಾಲ ದೇಶದ ತುಂಬ ಅಲ್ಲಲ್ಲಿ ಒಂದಿಷ್ಟು ಮನಿ ಆರಿಸಿ, ಹೋಗಿ ಕೇಳ್ತಾರ, ಏನ್ ಉಂಡ್ರಿ, ಏನ್ ಉಟ್ರಿ ಅಂತ. ಗೆರಿ ಕೆಳಗ ಬಿದ್ದವರು ಬಡವರು. ಬಾಜೂ ಮನಿಯವ ಎಷ್ಟ ಶ್ರೀಮಂತ ಇರಲಿ, ಅದಕ್ಕೂ ಇದಕ್ಕೂ ಸಂಬಂಧಿಲ್ಲ. ಅದಕ್ಕ ಇದು ನಿರಪೇಕ್ಷ ಬಡತನ."

ನಾನು ಬೆರಗಾದೆ. "ಏನ್ ಉಂಡ್ರಿ ಅಂತ ಕೇಳೂದು? ಅಷ್ಟನರಿ?"

"ಅಷ್ಟ. ಆದ್ರ ಅದರ ಮ್ಯಾಲ ಕಪಾಟುಗಟ್ಟಲೆ ಸಂಶೋಧನಿ ಐತಿ. ಹೋದ ವಾರದ ಊಟ ಕೇಳಬೇಕೋ, ಹೋದ ತಿಂಗಳದ್ದು ಕೇಳಬೇಕೋ ಅಂತ ದೊಡ್ಡ ದೊಡ್ಡವರು ಜಗಳಾಡ್ಯಾರ. ಬುಟ್ಟ್ಯಾಗ ಏನು ಇಡಬೇಕು ಅಂತ ಒಂದು ಸಮಿತಿ ಹೇಳಿದ್ದು ಇನ್ನೊಂದು ಸಮಿತಿಗೆ ಒಪ್ಪಿಗಿ ಆಗೂದಿಲ್ಲ. ಖರೆ ಹೇಳ್ತೇನಿ ಕೇಳ್ರಿ, ಈ ಗೆರಿಯಿಂದ ಯಾರ ಕಾರ್ಡೂ ಬರೂದಿಲ್ಲ, ಯಾರ ಕಾರ್ಡೂ ಹೋಗೂದಿಲ್ಲ. ಇದು ದೇಶಾ ಅಳಿಯೂ ಲೆಕ್ಕ. ಕಾರ್ಡಿಗೆ ಬ್ಯಾರೆ ನಿಯಮ ಅದಾವ."

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಬಸ್ಸು ಬದಲಿಸಿ ಬಂದವನಿಗೆ ಶಾಸ್ತ್ರ ಉಪಯೋಗಕ್ಕೆ ಬರಲೇಬೇಕು ಎಂಬ ಹಟ. "ಇರಲ್ರಿ ಮಾಸ್ತರ. ನಮ್ಮ ಗಂಗವ್ವನ ಮನಿ ಒಂದು ಆ ಬುಟ್ಟ್ಯಾಗ ಇಟ್ಟು ಅಳದು ತೋರಸ್ರಿ" ಎಂದೆ.

ಅವರು ನಕ್ಕು ಒಂದು ಕಾಗದ ತೆಗೆದುಕೊಂಡರು. "ಮಂದಿ ಎಷ್ಟು?"

"ಇಬ್ಬರು."

"ತಿಂಗಳಿಗೆ ಜೋಳ ಎಷ್ಟು ಖರ್ಚಾಕ್ಕೈತಿ?"

"ಮೂರು ಚೀಲ."

ಮಾಸ್ತರು ಪೆನ್ನು ಕೆಳಗಿಟ್ಟರು. "ಇಬ್ಬರೂ ಮನಶಾರ ಹೌದಲ್ರಿ?"

"ಹೌದ್ರಿ. ಅದರಾಗ ಒಬ್ಬಾಕಿಗೆ ಹಲ್ಲಿಲ್ಲ."

"ಆ ಜೋಳ ಯಾರದು?"

"ಖಾನಾವಳಿಯವರದು. ಅವರ ಚೀಲಾ ತಂದು ಹಾಕತಾರ, ಈಕಿ ಬೀಸಿಸಿ ರೊಟ್ಟಿ ಬಡದು ಕೊಡ್ತಾಳ."

"ಆ ರೊಟ್ಟಿ ಉಣ್ಣೋರು ಯಾರು?"

"ಬಸ್ಸಿಗೆ ಬಂದ ಮಂದಿ."

"ಮತ್ತ ಆಕಿ ಏನು ಉಣ್ಣತಾಳ?"

ನಾನು ಉತ್ತರ ಹೇಳಲು ಬಾಯಿ ತೆರೆದೆ. ಎದುರು ಬದುರು ಬಾಗಿಲು. ಅವಳ ಮನೆಯಲ್ಲಿ ಎಷ್ಟು ಡಬ್ಬಿ ಇವೆ, ಯಾವ ಡಬ್ಬಿಯ ಮುಚ್ಚಳ ಸೊಟ್ಟಗಾಗಿದೆ ಎಂಬುದೂ ನನಗೆ ಗೊತ್ತು. ಅವಳು ಏನು ಉಣ್ಣುತ್ತಾಳೆ ಎಂಬುದು ಗೊತ್ತಿರಲಿಲ್ಲ.

ಆಗ ನನ್ನ ಪಂಚನಾಮೆ ಒಂದೊಂದೇ ಸಾಲಾಗಿ ಕಣ್ಣ ಮುಂದೆ ಬಂತು. ಜೋಳ ಖಾನಾವಳಿಯದು. ಡಬ್ಬಿ ಖಾನಾವಳಿಯವು. ಒಲೆ ಖಾನಾವಳಿಯದು. ರೊಟ್ಟಿಯಂತೂ ಖಾನಾವಳಿಯದೇ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಜಪ್ತಿಯ ಪದ್ಧತಿಯೇ ಬೇರೆ. ಹೊಸ್ತಿಲ ಒಳಗೆ ಕಂಡದ್ದೆಲ್ಲ ಮನೆಯವರದು ಎಂದು ಬರೆಯಬೇಕು. ಬೇರೆಯವರದಾಗಿದ್ದರೆ ಅವರು ಆಮೇಲೆ ಬಂದು ತಕರಾರು ಹೇಳುತ್ತಾರೆ. ಮೂವತ್ತೊಂದು ವರ್ಷ ಹಾಗೆಯೇ ಬರೆದ ಕೈ, ಬಡತನ ನೋಡಲು ಹೋದಾಗಲೂ ಜಪ್ತಿಯನ್ನೇ ಮಾಡಿ ಬಂದಿತ್ತು.

"ಈ ಮೂರು ಚೀಲದ ಲೆಕ್ಕ ಎಲ್ಲಿ ಹುಟ್ಟಿತ್ರಿ?" ಎಂದು ಮಾಸ್ತರು ಕೇಳಿದರು.

"ನನ್ನ ತಲ್ಯಾಗ್ರಿ. ಆ ಕಾರ್ಡಿನ ತಪಾಸಣಿ ಕಾಗದದಾಗೂ ಆವತ್ತು ಕಂಡ ಎರಡು ಚೀಲ ಆಕಿವು ಅಂತ ನಾನ ಬರದೇನಿ."

ಮಾಸ್ತರು ನನ್ನ ಕಾಗದಗಳನ್ನು ಜೋಡಿಸಿ, ದಾರ ಸುತ್ತಿ, ನನ್ನ ತೊಡೆಯ ಮೇಲಿಟ್ಟರು. "ಹಂಗಾದ್ರ ನಿಮ್ಮ ಸಂಶೋಧನಿ ಮುಗೀತ್ರಿ" ಎಂದರು. ಕರದಂಟಿನ ಡಬ್ಬಿಯನ್ನೂ ಅದರ ಮೇಲಿಟ್ಟರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಪಾರವ್ವನನ್ನು ಕೇಳಿದೆ. "ಗಂಗವ್ವ ಏನು ಉಣ್ಣತಾಳ?"

"ಇದನ್ನ ಕೇಳಾಕ ಚೊಳಚಗುಡ್ಡಕ್ಕ ಹೋಗಿದ್ರೇನು?" ಎಂದಳು ಅವಳು. "ರೇಷನ್ ಅಕ್ಕಿ ಅನ್ನ, ಅದಕ್ಕೊಂದೀಟು ಸಾರು. ರೊಟ್ಟಿ ಎಣಿಸಿ ಒಯ್ಯತಾರ. ಹರದದ್ದು ಒಂದು ಉಳದ್ರ ಅದನ್ನ ನೀರಾಗ ನೆನಸಿ ಮುದುಕಿಗೆ ಕೊಡ್ತಾಳ."

"ಈಗ ಅಕ್ಕಿ ಇಲ್ಲಲ್ಲ?"

"ಈಗ ಒಂದ ಹೊತ್ತು."

"ನಿನಗ ಹ್ಯಾಂಗ ಗೊತ್ತು? ಹೇಳಿದಳೇನು?"

"ಆಕಿ ಹೇಳ್ತಾಳೇನು? ಸಂಜಿಮುಂದ ಆ ಮನಿಯಿಂದ ಒಗ್ಗರಣಿ ವಾಸನಿ ಬರೂದು ನಿಂತೈತಿ. ನಿಮ್ಮ ಮೂಗು ಎಲ್ಲಿತ್ತು?"

"ಮತ್ತ ನೀ ಏನರ ಕೊಡಬೇಕಿಲ್ಲೋ?"

"ಸುಮ್ನ ಕೊಟ್ರ ತಗೋಳೂದಿಲ್ಲ. ಅದಕ್ಕ ಹಬ್ಬ ಅಂತ ನೆವ ಮಾಡಿ ಕೊಡ್ತೇನಿ. ಈ ತಿಂಗಳ ನಮ್ಮ ಮನ್ಯಾಗ ಎಷ್ಟು ಹಬ್ಬ ಆದುವು, ಎಣಿಸಿರೇನು?"

ನಾನು ಎಣಿಸಿರಲಿಲ್ಲ. ಹೂರಣದ ಹೋಳಿಗೆ ಎರಡು ಸಲ, ಹುಗ್ಗಿ ಮೂರು ಸಲ ಆಗಿತ್ತು. ವಯಸ್ಸಾದಂತೆ ನನ್ನ ಹೆಂಡತಿಗೆ ದೈವಭಕ್ತಿ ಹೆಚ್ಚುತ್ತಿದೆ ಎಂದುಕೊಂಡು ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದೆ.

ಪ್ರಾಯಶ್ಚಿತ್ತಕ್ಕೆಂದು ಮರುದಿನ ಅಂಗಡಿಯಿಂದ ಒಂದು ಚೀಲ ಅಕ್ಕಿ ತಂದು ಗಂಗವ್ವನ ಹೊಸ್ತಿಲ ಒಳಗಿಟ್ಟೆ. ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅದನ್ನು ಹೊರಗಿಟ್ಟಳು. "ಅಕ್ಕಿ ಬ್ಯಾಡ್ರಿ ಕಾಕಾ. ಕಾರ್ಡ್ ತಂದುಕೊಡ್ತೇನಿ ಅಂದೀರಿ, ಕಾರ್ಡ್ ತಂದುಕೊಡ್ರಿ. ಅದು ನಮ್ಮ ಹಕ್ಕಿಂದು" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬರೆದವನು ನಾನೇ ಎಂದು ಹೇಳಲು ಅಲ್ಲಿಯೇ ಬಾಯಿ ಬರಬೇಕಿತ್ತು. ಬರಲಿಲ್ಲ. ಅಕ್ಕಿ ಹೊತ್ತುಕೊಂಡು ಓಣಿ ದಾಟಿ ಬಂದೆ.

ಕಾರ್ಡು ರದ್ದಾದದ್ದಕ್ಕೆ ಗಂಗವ್ವನ ಹೆಸರಿನಲ್ಲಿ ನಾನು ಹಾಕಿಸಿದ್ದ ತಕರಾರು ಅರ್ಜಿಯ ವಿಚಾರಣೆಗೆ ದಿನ ಗೊತ್ತಾಯಿತು. ಈಗ ನನ್ನ ಯೋಜನೆ ಒಂದೇ: ಸಂಶೋಧನೆಯ ಗಂಟನ್ನು ಮೇಜಿನ ಮೇಲೆ ಎಷ್ಟು ಜೋರಾಗಿ ಇಡಬೇಕೆಂದರೆ, ಹಳೆಯ ಕಡತ ತೆಗೆಯುವ ನೆನಪೇ ಅಧಿಕಾರಿಗೆ ಬರಬಾರದು. ದಪ್ಪ ಕಾಣಲೆಂದು ಆಫ್ರಿಕಾದ ದನಗಾಹಿಗಳನ್ನೂ ಇಲಿಗಳನ್ನೂ ಮತ್ತೆ ಒಳಗೆ ಸೇರಿಸಿದೆ. ಗಂಗವ್ವ ಇದ್ದುದರಲ್ಲಿ ಚಲೋ ಸೀರೆ ಉಟ್ಟುಕೊಂಡು ಬಂದಳು. ಹಳೆಯ ಇಳಕಲ್ ಸೀರೆ, ಮದುವೆಯದು.

ಅಧಿಕಾರಿ ನನ್ನ ಗಂಟಿನ ಮೇಲಿನ ನಾಲ್ಕು ಹಾಳೆ ತಿರುವಿ, ಕನ್ನಡಕದ ಮೇಲಿಂದ ನೋಡಿದರು. "ಇದು ದೇಶದ್ದಾತು. ಇವರ ಮನಿದು ಎಲ್ಲೈತ್ರಿ?"

"ದೇಶದಾಗ ಇವರ ಮನಿನೂ ಬಂತಲ್ರಿ ಸಾಹೇಬ್ರ" ಎಂದೆ.

"ಹಂಗ ಆಗೂದಿಲ್ರಿ ಯಜಮಾನ್ರ. ಮೂಲ ಕಡತ ತಗಸ್ತೇನಿ ತಡೀರಿ."

ಕಡತ ಬಂತು. ಅವರು ಬಿಚ್ಚಿದರು. ಅವರ ಮುಖ ಅರಳಿತು. "ಆಹಾ, ಏನ್ ಚಂದ ಅಕ್ಷರಾರಿ! ಇಂಥಾ ಪಂಚನಾಮಿ ನಾ ಸರ್ವಿಸದಾಗ ನೋಡಿಲ್ಲ" ಎಂದು, ಗಂಗವ್ವನಿಗೆ ಕೇಳಿಸಲಿ ಎಂದು ಗಟ್ಟಿಯಾಗಿ ಓದಿದರು. ಜೋಳದ ಚೀಲ ಎರಡು. ಹಿಟ್ಟಿನ ಡಬ್ಬಿ ಮೂರು. ಊಟಕ್ಕೆ ಯಾವುದೇ ಕೊರತೆ ಇರುವುದಿಲ್ಲ. ಕೊನೆಗೆ ನನ್ನ ಹೆಸರು, ನನ್ನ ತಂದೆಯ ಹೆಸರು, ನನ್ನ ವಿಳಾಸ. ನಾಲ್ಕನೆಯವರೊಬ್ಬರು ನನ್ನ ಅಕ್ಷರ ಹೊಗಳಿದ್ದರು. ನೆಲ ಬಾಯಿ ಬಿಡಬಾರದೇ ಎನಿಸಿತು.

ಗಂಗವ್ವ ನನ್ನನ್ನು ನೋಡಲಿಲ್ಲ. ಅಧಿಕಾರಿಯ ಮೇಜಿನ ಕಾಲನ್ನು ನೋಡುತ್ತ ನಿಂತಿದ್ದಳು.

"ಅದು ತಪ್ಪೈತ್ರಿ" ಎಂದೆ. "ನಾನ ಬರದದ್ದು. ಆ ಸಾಮಾನೆಲ್ಲಾ ಖಾನಾವಳಿಯವು. ಈಗ ಬ್ಯಾರೆ ಬರದು ಕೊಡ್ತೇನಿ."

"ಎರಡರಾಗ ಸುಳ್ಳು ಯಾವುದು?"

"ಮದಲಿನದು."

"ಹಂಗಾದ್ರ ಒಮ್ಮೆ ಸುಳ್ಳು ಬರದವರ ಎರಡನೇ ಕಾಗದಾ ಹ್ಯಾಂಗ ನಂಬೂದ್ರಿ?"

ಇದೇ ಮಾತನ್ನು ನಾನು ಎಷ್ಟು ಮನೆಗಳ ಅಂಗಳದಲ್ಲಿ ನಿಂತು ಎಷ್ಟು ಜನರಿಗೆ ಹೇಳಿದ್ದೇನೋ. ನಾನು ಹೇಳುವಾಗ ಇದು ಬಹಳ ನ್ಯಾಯವಾದ ಮಾತು ಎನಿಸುತ್ತಿತ್ತು.

ಆದರೂ ಅಧಿಕಾರಿ ಒಳ್ಳೆಯವರು. "ಇನ್ನೊಮ್ಮೆ ಮನಿಗೆ ಬಂದು ನೋಡ್ತಾರ. ಖಾನಾವಳಿಯವರ ಕಡಿಂದ ಒಂದು ಚೀಟಿ ತಂದಿಡ್ರಿ. ಏನ್ ಐತೋ ಅದನ್ನ ಈ ಹೆಣಮಗಳ ತನ್ನ ಬಾಯಲೆ ಹೇಳಲಿ" ಎಂದರು. ನನ್ನ ಕಡೆ ತಿರುಗಿ ಕೈ ಮುಗಿದರು. "ನೀವು ಮಾತ್ರ ಬರೀಬ್ಯಾಡ್ರಿ."

ದಾರಿಯಲ್ಲಿ ಕಾಲು ಮೈಲಿ ನಡೆದೆವು. ಕೊನೆ‌ಗೆ ನಾನೇ ಹೇಳಿದೆ. "ನಂದು ದೊಡ್ಡ ತಪ್ಪಾತವಾ."

"ಅಕ್ಷರ ಭಾಳ ಚಂದ ಅದಾವಂತ ಕಾಕಾ" ಎಂದಳು ಗಂಗವ್ವ. ಅದು ಚುಚ್ಚುಮಾತೋ, ಅವಳು ನಿಜಕ್ಕೂ ಹೊಗಳಿದಳೋ ನನಗೆ ಇಂದಿಗೂ ತಿಳಿದಿಲ್ಲ. ಎರಡೂ ಒಂದೇ ಕಡೆ ನೆಟ್ಟವು.

ಮರುತಪಾಸಣೆಯ ದಿನ ಬಂತು. ಈ ಸಲ ಎಲ್ಲವೂ ಸರಿಯಾಗಿತ್ತು. ಖಾನಾವಳಿಯವರು ಸಾಮಾನೆಲ್ಲ ತಮ್ಮವು ಎಂದು ಚೀಟಿ ಕೊಟ್ಟಿದ್ದರು. ಗಂಗವ್ವನ ಹತ್ತಿರ ಹೇಳಲು ಸತ್ಯವಿತ್ತು. ಉಳಿದ ಅಪಾಯ ನಾನೊಬ್ಬನೇ. ಪಾರವ್ವ ಬೆಳಿಗ್ಗೆ ಚಹಾ ಕೊಟ್ಟು, ನನ್ನನ್ನು ಒಳಗೇ ಬಿಟ್ಟು, ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕಿದಳು. "ಸಾಹೇಬ್ರು ಹೋಗೂತನಕ ಅಷ್ಟ" ಎಂದಳು. ನಾನು ವಿರೋಧಿಸಲಿಲ್ಲ. ಜೀವನದಲ್ಲಿ ಮೊದಲ ಸಲ ನಾನೇ ಜಪ್ತಿಯಾಗಿದ್ದೆ.

ಕಿಟಕಿಯಿಂದ ಗಂಗವ್ವನ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಬಂದಿದ್ದು ಒಬ್ಬ ಮೇಡಂ, ಸಮಾಧಾನದ ಹೆಣ್ಣುಮಗಳು. ಹೊಸ್ತಿಲ ಬಳಿ ಕುಳಿತು ಒಂದೊಂದಾಗಿ ಕೇಳಿದರು.

"ಈ ಜೋಳ ಯಾರದವಾ?"

"ಖಾನಾವಳಿಯವರದ್ರಿ. ಚೀಟಿ ಐತ್ರಿ."

"ಒಲಿ?"

"ಅದೂ ಅವರದ್ರಿ."

"ನಿಮ್ಮದು ಅಂತ ಏನೈತಿ?"

"ಈ ಎರಡು ಕೈ ಅದಾವ್ರಿ" ಎಂದಳು ಗಂಗವ್ವ. ಮೇಡಂ ನಕ್ಕರು, ಬರೆದುಕೊಂಡರು. ಕಿಟಕಿಯ ಸರಳು ಹಿಡಿದು ನಾನೂ ನಕ್ಕೆ. ಕಾರ್ಡು ಬಂದೇ ಬಿಟ್ಟಿತು ಎನಿಸಿತು.

ಮೇಡಂ ಕೊನೆಯ ಪ್ರಶ್ನೆ ಕೇಳಿದರು. ಬಹಳ ಮೆತ್ತಗೆ, ಪಕ್ಕದವರಿಗೆ ಕೇಳಬಾರದೆಂಬಂತೆ ಕೇಳಿದರು. "ಎರಡೂ ಹೊತ್ತು ಊಟ ಆಕ್ಕೈತೇನವಾ?"

ಗಂಗವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿ ಕುಳಿತ ಅತ್ತೆಯನ್ನೊಮ್ಮೆ ನೋಡಿದಳು. "ಆಕ್ಕೈತ್ರಿ ಅಕ್ಕಾರ" ಎಂದಳು. "ಬಿಸಲಾಗ ಬಂದೀರಿ. ಏಳ್ರಿ, ಕೈಕಾಲ ತೊಳಕೊಳ್ರಿ, ನೀವೂ ಒಂದೀಟು ಉಂಡು ಹೋಗ್ರಿ."

"ಇಲ್ಲ!" ಎಂದು ನಾನು ಕಿಟಕಿಯಿಂದ ಕೂಗಿದೆ. "ಆಗೂದಿಲ್ರಿ! ಒಂದ ಹೊತ್ರಿ! ಹಂಗ ಬರೀಬ್ಯಾಡ್ರಿ!"

ಮೇಡಂ ಗಾಬರಿಯಾಗಿ ಈ ಕಡೆ ನೋಡಿದರು. ಹೊರಗೆ ಕೀಲಿ ಹಾಕಿದ ಬಾಗಿಲು, ಸರಳಿನ ಹಿಂದೆ ಕೂದಲು ಕೆದರಿದ ಒಬ್ಬ ಮುದುಕ. "ಯಾರ್ರಿ ಅವರು?"

"ನಮ್ಮ ಕಾಕಾರು ಅದಾರ್ರಿ" ಎಂದಳು ಗಂಗವ್ವ, ದನಿ ತಗ್ಗಿಸಿ. "ವಯಸ್ಸಾಗೈತಿ."

"ಪಾಪ" ಎಂದು ಮೇಡಂ ಬರೆಯುವುದನ್ನು ಮುಂದುವರಿಸಿದರು.

ಅವರು ಹೋದಮೇಲೆ ಗಂಗವ್ವ ನನ್ನ ಕಿಟಕಿಯ ಹತ್ತಿರ ಬಂದಳು. "ಯಾಕ ಹಂಗ ಹೇಳಿದೆವಾ?" ಎಂದು ಕೇಳಿದೆ.

"ಮನಿಗೆ ಬಂದವರ ಮುಂದ ಉಂಡಿಲ್ಲ ಅಂತ ಹ್ಯಾಂಗ ಹೇಳೂದ್ರಿ ಕಾಕಾ? ಅತ್ತಿ ಅಲ್ಲೇ ಕುಂತಿದ್ದಳು. ಸೊಸಿ ಹೊಟ್ಟಿಗೆ ಹಾಕೂದಿಲ್ಲ ಅಂದಂಗ ಆಗೂದಿಲ್ಲೇನು?" ತಿರುಗಿ ಹೊರಟವಳು ಸೇರಿಸಿದಳು. "ನೀವೂ ಅದನ್ನ ಬರದಿದ್ರೆಲ್ಲ."

ಅವಳು ಹೇಳಿದ್ದಕ್ಕೂ ನಾನು ಬರೆದಿದ್ದಕ್ಕೂ ವ್ಯತ್ಯಾಸ ಇಷ್ಟೇ: ಅವಳು ತನ್ನ ಹಸಿವನ್ನು ಮುಚ್ಚಿಟ್ಟಳು, ನಾನು ಅವಳದನ್ನು ಮುಚ್ಚಿಟ್ಟೆ. ದೇಶದ ತುಂಬ ಹೊಸ್ತಿಲ ಮುಂದೆ ಕುಳಿತು "ಏನು ಉಂಡಿರಿ" ಎಂದು ಕೇಳುವವರಿಗೆ ಎಷ್ಟು ಗಂಗವ್ವರು "ನೀವೂ ಉಣ್ಣಬರ್ರಿ" ಎಂದಿದ್ದಾರೋ. ಆ ಎರಡು ಬೆರಳು ದಪ್ಪದ ಕಾಗದದಲ್ಲಿ ಅದು ಎಲ್ಲಿಯಾದರೂ ಇದ್ದರೆ, ನನಗೆ ಓದಲು ಬರುವುದಿಲ್ಲ.

ಅರ್ಜಿ ಪರಿಶೀಲನೆಯಲ್ಲಿದೆ ಎಂದು ಕಚೇರಿಯಲ್ಲಿ ಹೇಳುತ್ತಾರೆ. ನಾಲ್ಕು ತಿಂಗಳಿಂದಲೂ ಹೇಳುತ್ತಿದ್ದಾರೆ. ಪಾರವ್ವನಿಗೆ ಪಂಚಾಂಗದಲ್ಲಿ ಹೊಸ ಹೊಸ ಹಬ್ಬ ಸಿಗುತ್ತಲೇ ಇವೆ.

ಆ ಮರುತಪಾಸಣೆಯ ದಿನ ಸಂಜೆ ಪಾರವ್ವ ಕೀಲಿಕೈ ಹಿಡಿದು ಬಂದು ಕಿಟಕಿಯಲ್ಲಿ ಇಣುಕಿದಳು. "ಮೇಡಂ ಹೋಗಿ ಭಾಳ ಹೊತ್ತಾತು. ತಗೀಲೇನ್ರಿ?"

"ಇರಲಿ ಬಿಡು" ಎಂದೆ. "ನಾ ಒಳಗಿದ್ರನ ಓಣಿಗೆ ಚಲೋ."

ಇಲ್ಲ, ಹಾಗೇಕೆ ಅಂತೀರಿ ಎಂದು ಅವಳು ಒಂದು ಮಾತು ಅಂದಾಳು ಎಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು ಯೋಚಿಸಿದಳು. ಆಮೇಲೆ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಗವ್ವನ ಮನೆಯ ಕಡೆ ಹೋದಳು.